ಗ್ರೇಡೆಡ್ ಪೇಪರ್ ಎಲ್ಲಿಂದ ತರೋದು? ಅಮೆರಿಕದ ಕಾಲೇಜು ಅರ್ಜಿಯ ಜೊತೆ ಹೋಗುವ ಬರಹಗಳ ಬಗ್ಗೆ

ಅಮೆರಿಕದ ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಜಾಲತಾಣ ಕಾಮನ್ ಆಪ್, ಪ್ರತಿ ಆಗಸ್ಟ್ 1ಕ್ಕೆ ಹೊಸ ಅರ್ಜಿಗಳಿಗೆ ತೆರೆದುಕೊಳ್ಳುತ್ತದೆ. ಅದಾಗಿ ವಾರ ಕಳೆಯುವುದರೊಳಗೆ ನನ್ನ ವಾಟ್ಸಾಪ್‌ಗೆ ಒಂದೇ ಪ್ರಶ್ನೆ ಹತ್ತು ಮನೆಗಳಿಂದ ಬರುತ್ತದೆ: "ಮೇಡಂ, ಪ್ರಿನ್ಸ್‌ಟನ್‌ನವರು ಗ್ರೇಡೆಡ್ ಪೇಪರ್ ಕೇಳ್ತಿದ್ದಾರೆ. ಮಾರ್ಕ್ಸ್ ಕಾರ್ಡ್ ಅಪ್‌ಲೋಡ್ ಮಾಡಿದ್ರೆ ಸಾಕಾ?" ಸಾಲದು, ಅದು ಬೇರೆ, ಇದು ಬೇರೆ. ಇದರ ಹಿಂದೆಯೇ ಬರುವ ಇನ್ನೊಂದು ಪ್ರಶ್ನೆ: "ದೊಡ್ಡ ಎಸ್ಸೆ ಒಂದು ಬರೆದಾಯ್ತಲ್ಲ, ಈಗ ಒಂದೊಂದು ಕಾಲೇಜಿಗೂ ಮತ್ತೆ ಯಾಕೆ?" ಒಬ್ಬೊಬ್ಬರಿಗೂ ಬೇರೆ ಬೇರೆ ವಾಯ್ಸ್ ಮೆಸೇಜ್ ಕಳಿಸಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಇಲ್ಲಿ ಬರೆದಿಡುತ್ತಿದ್ದೇನೆ. ಪಿಯುಸಿ, ಸಿಬಿಎಸ್‌ಇ, ಐಎಸ್‌ಸಿ ಓದುತ್ತ ಅಮೆರಿಕದಲ್ಲಿ ಡಿಗ್ರಿ ಮಾಡಬೇಕು ಅಂದುಕೊಂಡಿರುವ ನಿಮಗೂ, ಪಕ್ಕದಲ್ಲಿ ಕೂತು ಓದುವ ಅಪ್ಪ ಅಮ್ಮಂದಿರಿಗೂ ಇದು.

ಮೊದಲು ಮೂರು ಹೆಸರು ಗೊತ್ತಿರಲಿ.

ಪರ್ಸನಲ್ ಎಸ್ಸೆ: ಕಾಮನ್ ಆಪ್ ಎಂಬ ಒಂದೇ ಅರ್ಜಿಯ ಮೂಲಕ 20 ಕಾಲೇಜುಗಳವರೆಗೆ ಕಳಿಸಬಹುದು. ಅದರಲ್ಲಿ ಎಲ್ಲ ಕಾಲೇಜುಗಳಿಗೂ ಹೋಗುವ ಮುಖ್ಯ ಪ್ರಬಂಧ ಇದು. ಕನಿಷ್ಠ 250, ಗರಿಷ್ಠ 650 ಪದ.

ಸಪ್ಲಿಮೆಂಟ್: ಒಂದೊಂದು ಕಾಲೇಜು ತನಗಾಗಿಯೇ ಕೇಳುವ ಹೆಚ್ಚುವರಿ ಪ್ರಶ್ನೆಗಳು. ಕೆಲವಕ್ಕೆ ಒಂದೇ ಸಾಲಿನ ಉತ್ತರ ಸಾಕು, ಕೆಲವಕ್ಕೆ ಒಂದು ಪುಟ ಬೇಕು.

ಗ್ರೇಡೆಡ್ ಪೇಪರ್: ತರಗತಿಯ ಕೆಲಸವಾಗಿ ನೀವು ಬರೆದು, ನಿಮ್ಮ ಮೇಷ್ಟ್ರು ತಿದ್ದಿ, ಅಂಕ ಹಾಕಿ ವಾಪಸ್ ಕೊಟ್ಟ ಬರಹ. ಕೆಂಪು ಶಾಯಿಯ ಸಮೇತ.

ಈ ಮೂರನೆಯದರ ಹುಟ್ಟಿಗೊಂದು ಕಾರಣವಿದೆ. ಮುಂಚೆ ಎಸ್‌ಎಟಿಯಲ್ಲಿ, ಅಂದರೆ ಅಮೆರಿಕದ ಕಾಲೇಜು ಪ್ರವೇಶಕ್ಕೆ ಬರೆಯುವ ಪರೀಕ್ಷೆಯಲ್ಲಿ, ಪ್ರಬಂಧದ ಭಾಗವೊಂದಿತ್ತು. 2018ರಲ್ಲಿ ಪ್ರಿನ್ಸ್‌ಟನ್ ಅದನ್ನು ಕೇಳುವುದು ಬಿಟ್ಟು, ಅದರ ಬದಲು ಶಾಲೆಯಲ್ಲಿ ಬರೆದ ಒಂದು ಪೇಪರ್ ಕೊಡಿ ಎಂದಿತು. ಮನೆಯಲ್ಲಿ ಹತ್ತು ಸಲ ತಿದ್ದಿಸಿದ ಎಸ್ಸೆ ಹೇಗಿದ್ದರೂ ಅವರ ಕೈಯಲ್ಲಿರುತ್ತದೆ. ಸಾಮಾನ್ಯ ಒಂದು ಸೋಮವಾರ ನೀವು ತರಗತಿಗೆ ಏನು ಬರೆದು ಕೊಡುತ್ತೀರಿ, ಅದನ್ನು ನಿಮ್ಮ ಮೇಷ್ಟ್ರು ಯಾವ ಕಣ್ಣಿಂದ ಓದುತ್ತಾರೆ ಅನ್ನುವುದು ಅವರಿಗೆ ಬೇಕು. ಇದು ತಲೆಯಲ್ಲಿದ್ದರೆ ಮುಂದಿನ ಅರ್ಧ ಗೊಂದಲ ಇಲ್ಲೇ ಕಳೆಯುತ್ತದೆ.

ಹಂತ 1: ಯಾರಿಗೆ ಏನು ಬೇಕು, ಒಂದು ಹಾಳೆಯಲ್ಲಿ ಬರೆಯಿರಿ

ಎಕ್ಸೆಲ್ ಆದರೂ ಸರಿ, ನೋಟ್‌ಬುಕ್ ಆದರೂ ಸರಿ. ಕಾಲೇಜಿನ ಹೆಸರು, ಕೊನೇ ದಿನಾಂಕ, ಪ್ರಶ್ನೆ, ಪದಮಿತಿ, ಗ್ರೇಡೆಡ್ ಪೇಪರ್ ಬೇಕೇ ಬೇಡವೇ, ಹೀಗೆ ಐದು ಕಾಲಂ ಹಾಕಿ. ಕಾಲೇಜಿನಿಂದ ಕಾಲೇಜಿಗೆ ಎಷ್ಟು ಫರಕು ಎಂದು ತಿಳಿಯಲು ನಾಲ್ಕು ಉದಾಹರಣೆ ನೋಡಿ.

ಪ್ರಿನ್ಸ್‌ಟನ್‌ನಲ್ಲಿ ಸಪ್ಲಿಮೆಂಟೂ ಇದೆ, ಗ್ರೇಡೆಡ್ ಪೇಪರೂ ಕಡ್ಡಾಯ. ಆಮ್‌ಹರ್ಸ್ಟ್‌ನಲ್ಲಿ ಆಯ್ಕೆ ನಿಮ್ಮದು: ಅವರ ಪ್ರಶ್ನೆಗೆ ಹೊಸದಾಗಿ ಪ್ರಬಂಧ ಬರೆಯಬಹುದು, ಇಲ್ಲವೇ 'ಆಪ್ಷನ್ ಬಿ' ಆರಿಸಿ 11 ಅಥವಾ 12ನೇ ತರಗತಿಯ ಗ್ರೇಡೆಡ್ ಪೇಪರ್ ಕೊಡಬಹುದು. ಹಾರ್ವರ್ಡ್ ಐದು ಪ್ರಶ್ನೆ ಕೇಳುತ್ತದೆ, ಒಂದೊಂದಕ್ಕೂ 150 ಪದ. ಬರ್ಕ್ಲಿ, ಯುಸಿಎಲ್‌ಎ ಸೇರಿದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗುಂಪು ಕಾಮನ್ ಆಪ್‌ನಲ್ಲಿ ಇಲ್ಲವೇ ಇಲ್ಲ. ಅವರದೇ ಅರ್ಜಿ, ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ, ಒಂದೊಂದೂ 350 ಪದದೊಳಗೆ, ಗ್ರೇಡೆಡ್ ಪೇಪರ್ ಬೇಡ. ಪರ್ಸನಲ್ ಎಸ್ಸೆಯನ್ನು ಅಲ್ಲಿಗೆ ಕಳಿಸಲು ಜಾಗವೇ ಇಲ್ಲ.

ಪ್ರಶ್ನೆಗಳು ವರ್ಷ ವರ್ಷ ಬದಲಾಗುತ್ತವೆ. ಅಕ್ಕನೋ ಸೀನಿಯರೋ ಕೊಟ್ಟ ಹಳೇ ಪಟ್ಟಿ ನಂಬಬೇಡಿ. ಆಯಾ ಕಾಲೇಜಿನ ಅಡ್ಮಿಷನ್ಸ್ ಪುಟವನ್ನು ಈ ವರ್ಷ ನೀವೇ ತೆರೆದು ನೋಡಿ.

ಇನ್ನೊಂದು ಎಚ್ಚರಿಕೆ. ಕೆಲವು ಪ್ರಶ್ನೆಗಳು ಮೊದಲಿಗೆ ಕಾಣುವುದೇ ಇಲ್ಲ. ಯಾವ ವಿಭಾಗ, ಯಾವ ಕೋರ್ಸ್ ಅಂತ ಆರಿಸಿದ ಮೇಲೆ ಅವು ಪುಟದಲ್ಲಿ ಮೂಡುತ್ತವೆ. ಕಾರ್ನೆಲ್‌ನಲ್ಲಿ ಎಂಜಿನಿಯರಿಂಗ್‌ಗೆ ಒಂದು ಪ್ರಶ್ನೆ, ಕೃಷಿ ಮತ್ತು ಜೀವವಿಜ್ಞಾನಕ್ಕೆ ಇನ್ನೊಂದು. ಆದ್ದರಿಂದ ಪಟ್ಟಿ ಮಾಡುವ ದಿನವೇ ವಿಭಾಗವನ್ನು ಆರಿಸಿ ನೋಡಿ. ಡಿಸೆಂಬರ್ 30ರ ರಾತ್ರಿ ಹೊಸ ಪ್ರಶ್ನೆಯ ಮುಖದರ್ಶನ ಆಗುವುದು ಬೇಡ.

ಹಂತ 2: ಪೇಪರ್ ಹುಡುಕಿ, ಇವತ್ತೇ

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಇಲ್ಲಿ. ವರ್ಷ ಮುಗಿದ ಕೂಡಲೇ ನಮ್ಮ ಮನೆಗಳಲ್ಲಿ ಹಳೇ ನೋಟ್ಸು, ಟೆಸ್ಟ್ ಪೇಪರು, ಪ್ರಾಜೆಕ್ಟ್ ಫೈಲು ಎಲ್ಲ ರದ್ದಿಗೆ ಹೋಗುತ್ತವೆ. ಶಾಲೆಯಲ್ಲಿ ಉಳಿದದ್ದು ಸ್ಟಾಫ್ ರೂಮಿನ ಬೀರುವಿನಿಂದ ಹಾಗೇ ಹೋಗುತ್ತದೆ. ನೀವು ಈಗ ಹತ್ತನೇ ಕ್ಲಾಸೋ ಮೊದಲ ಪಿಯುಸಿಯೋ ಆಗಿದ್ದರೆ ಒಂದು ರಟ್ಟಿನ ಫೈಲ್ ತೆಗೆದುಕೊಂಡು, ಮೇಷ್ಟ್ರು ತಿದ್ದಿ ಕೊಟ್ಟ ಪ್ರತಿಯೊಂದು ಬರಹವನ್ನೂ ಅದರೊಳಗೆ ಹಾಕುತ್ತ ಹೋಗಿ. ಈ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಅದನ್ನೇ ಮಾಡಿ.

ಎಂಥ ಪೇಪರ್? ಇಂಗ್ಲಿಷ್, ಇತಿಹಾಸ, ಸಮಾಜವಿಜ್ಞಾನ, ಈ ಕಡೆಯದು. ಒಂದು ವಾದ ಇರಬೇಕು, ಅದಕ್ಕೆ ಆಧಾರ ಇರಬೇಕು. ಕತೆ, ಕವನ, ಡೈರಿ ಬೇಡ. ಆಮ್‌ಹರ್ಸ್ಟ್‌ನವರು ಲ್ಯಾಬ್ ವರದಿಯನ್ನೂ, ತರಗತಿಯಲ್ಲೇ ಕೂತು ಬರೆದ ಪರೀಕ್ಷೆಯ ಪ್ರಬಂಧವನ್ನೂ ಬೇಡ ಎನ್ನುತ್ತಾರೆ. ಪ್ರಿನ್ಸ್‌ಟನ್‌ಗೆ ಹೈಸ್ಕೂಲಿನ ಕೊನೆಯ ಮೂರು ವರ್ಷಗಳಲ್ಲಿ ಬರೆದದ್ದು ಆಗಬೇಕು. ನಮ್ಮ ಲೆಕ್ಕದಲ್ಲಿ 10, 11, 12. ಪಿಯುಸಿಯವರು "ಪಿಯು ಎರಡೇ ವರ್ಷ ಅಲ್ವಾ" ಎಂದು ಎಸ್‌ಎಸ್‌ಎಲ್‌ಸಿಯ ಪೇಪರುಗಳನ್ನು ಬಿಟ್ಟುಬಿಡುತ್ತಾರೆ. ಅಮೆರಿಕದವರ ಕಣ್ಣಿಗೆ ಅದೂ ಹೈಸ್ಕೂಲೇ. ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಎರಡು ಮೂರು ಪುಟ ಧಾರಾಳ.

ನಮ್ಮ ಬೋರ್ಡುಗಳಲ್ಲಿ ಎಲ್ಲಿ ಹುಡುಕಬೇಕು? ಸಿಬಿಎಸ್‌ಇ 12ನೇ ತರಗತಿಯ ಇತಿಹಾಸಕ್ಕೆ 20 ಅಂಕದ ಪ್ರಾಜೆಕ್ಟ್ ಇದೆ, ಇಂಗ್ಲಿಷಿನಲ್ಲೂ ಆಂತರಿಕ ಅಂಕಗಳಿವೆ. ಐಎಸ್‌ಸಿಯಲ್ಲೂ ಪ್ರಾಜೆಕ್ಟಿಗೆ 20 ಅಂಕ. ಕರ್ನಾಟಕದ ಪಿಯುವಿನಲ್ಲಿ ಭಾಷೆ ಮತ್ತು ಪ್ರಾಯೋಗಿಕ ಇಲ್ಲದ ವಿಷಯಗಳಿಗೂ ಈಗ 80ರ ಪರೀಕ್ಷೆ, 20ರ ಆಂತರಿಕ ಮೌಲ್ಯಮಾಪನ ಬಂದಿದೆ. ಆ 20ರಲ್ಲಿ ಪ್ರಾಜೆಕ್ಟ್ ಅಥವಾ ಅಸೈನ್‌ಮೆಂಟಿನ ಪಾಲೂ ಇದೆ. ಐಬಿ ಎಂಬ ಅಂತರರಾಷ್ಟ್ರೀಯ ಪಠ್ಯಕ್ರಮ ಓದುವವರಿಗೆ ಈ ತಾಪತ್ರಯ ಕಡಿಮೆ, ಅಲ್ಲಿ ಬರೆಯುವುದೇ ಓದು.

ಒಂದು ಮಾತ್ರ ನೆನಪಿಡಿ. ನಮ್ಮ ಪ್ರಾಜೆಕ್ಟ್ ಫೈಲುಗಳ ಕತೆ ನಿಮಗೇ ಗೊತ್ತು. ಮೊದಲ ಪುಟ ಸರ್ಟಿಫಿಕೇಟು, ಎರಡನೇದು ಪ್ರಿನ್ಸಿಪಾಲರಿಗೆ ಕೃತಜ್ಞತೆ, ಆಮೇಲೆ ಬಣ್ಣದ ಪ್ರಿಂಟ್‌ಔಟು, ನಡುವೆ ಅಂತರ್ಜಾಲದಿಂದ ಇಳಿಸಿದ ನಾಲ್ಕು ಪುಟ. ಇಳಿಸಿದ್ದನ್ನು ಕಳಿಸಿದರೆ ಅರ್ಜಿಗೇ ಕುತ್ತು. ನೀವೇ ಯೋಚಿಸಿ ಬರೆದದ್ದು ಇದ್ದರೆ ಮಾತ್ರ ಆ ಫೈಲ್ ಮುಟ್ಟಿ.

ನನ್ನ ಮುಂದೆ ಒಮ್ಮೆ ಇಬ್ಬರದಲ್ಲ, ಒಬ್ಬಳದೇ ಎರಡು ಪೇಪರು ಬಂದವು. ಒಂದು 19/20, ಲ್ಯಾಮಿನೇಷನ್ ಮಾಡಿದ ಅಟ್ಟೆ, ಒಳಗೆ ಒಂದು ತಿದ್ದುಪಡಿಯೂ ಇಲ್ಲ, ಕೊನೆಯಲ್ಲಿ 'ಗುಡ್' ಅಂತ ಒಂದು ಸಹಿ. ಇನ್ನೊಂದು 15/20, ರೂಲ್ಡ್ ಹಾಳೆಯಲ್ಲಿ ಮೂರು ಪುಟ: ದೇಶಕ್ಕೆ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಮೈಸೂರಿನ ಜನ 1947ರ ಸೆಪ್ಟೆಂಬರಿನಲ್ಲಿ 'ಮೈಸೂರು ಚಲೋ' ಅಂತ ಬೀದಿಗೆ ಇಳಿಯಬೇಕಾದದ್ದು ಯಾಕೆ ಎಂದು. ಅಂಚಿನಲ್ಲಿ ಕೆಂಪು ಅಕ್ಷರ: "ಇದು ಯಾರ ಮಾತು? ಮೂಲ ಬರೆ." ಎರಡನೇ ಪುಟದ ಪಕ್ಕ: "ಈ ಅಂಶ ನಾನು ಪಾಠದಲ್ಲಿ ಹೇಳಿರಲಿಲ್ಲ, ಚೆನ್ನಾಗಿದೆ." ಕೊನೆಯಲ್ಲಿ: "ಅವಸರದಲ್ಲಿ ಮುಗಿಸಿದ್ದೀಯ." ಮನೆಯವರಿಗೆಲ್ಲ 19 ಕಳಿಸುವ ಆಸೆ. ನಾನು 15ನ್ನೇ ಕಳಿಸಿ ಎಂದೆ. ಅದರಲ್ಲಿ ಒಬ್ಬಳು ಹುಡುಗಿ ಯೋಚಿಸುವುದು ಕಾಣುತ್ತದೆ, ಒಬ್ಬರು ಮೇಷ್ಟ್ರು ಅದನ್ನು ಗಂಭೀರವಾಗಿ ಓದಿದ್ದು ಕಾಣುತ್ತದೆ. 19ರಲ್ಲಿ ಇವೆರಡೂ ಇಲ್ಲ. ಹಾಗಂತ 8/20 ಕಳಿಸಿ ಅಂತಲ್ಲ.

ಕನ್ನಡ ಮಾಧ್ಯಮದವರಿಗೆ: ಶಾಲೆಯ ಬೋಧನಾ ಭಾಷೆ ಇಂಗ್ಲಿಷ್ ಅಲ್ಲದಿದ್ದರೆ ನಿಮ್ಮ ಭಾಷೆಯ ಪೇಪರನ್ನೂ ಪ್ರಿನ್ಸ್‌ಟನ್ ಒಪ್ಪುತ್ತದೆ. ಆದರೂ ಇಂಗ್ಲಿಷ್ ವಿಷಯದಲ್ಲಿ ಬರೆದ ಒಳ್ಳೇ ಪೇಪರ್ ಇದ್ದರೆ ಅದನ್ನೇ ಕೊಡಿ ಎಂಬುದು ನನ್ನ ಸಲಹೆ. ಓದುವವರಿಗೆ ನೇರವಾಗಿ ತಲುಪುತ್ತದೆ.

ಹಂತ 3: ಅಂಕ ಇದೆ, ಟಿಪ್ಪಣಿ ಇಲ್ಲ. ಈಗೇನು?

ನಮ್ಮಲ್ಲಿ ಅರವತ್ತು ಎಪ್ಪತ್ತು ಮಕ್ಕಳ ತರಗತಿ. ಮೇಷ್ಟ್ರು ಒಂದು ಟಿಕ್ ಹಾಕಿ ಅಂಕ ಬರೆಯುವುದೇ ಹೆಚ್ಚು. ಇದಕ್ಕೆ ಗಾಬರಿ ಬೇಡ. ಆ ವಿಷಯ ಕಲಿಸಿದವರ ಹತ್ತಿರ ಪೇಪರ್ ಹಿಡಿದುಕೊಂಡು ಹೋಗಿ. "ಸರ್, ಇದಕ್ಕೆ ನೀವು ಅಂಕ ಕೊಟ್ಟಿದ್ದು ಯಾವ ಆಧಾರದ ಮೇಲೆ ಅಂತ ನಾಲ್ಕು ಸಾಲು ಬರೆದು ಕೊಡ್ತೀರಾ?" ಎಂದು ಕೇಳಿ. ಶಾಲೆಯ ಲೆಟರ್‌ಹೆಡ್ ಆದರೆ ಒಳ್ಳೆಯದು, ಬಿಳಿ ಹಾಳೆಯಲ್ಲಿ ಸಹಿ, ತಾರೀಖು ಹಾಕಿ ಕೊಟ್ಟರೂ ಪರವಾಗಿಲ್ಲ. ವಿಷಯಕ್ಕೆ ಇಷ್ಟು, ಭಾಷೆಗೆ ಇಷ್ಟು ಎಂದು ಅಂಕ ಹಂಚುವ ಪಟ್ಟಿ, ಅಂದರೆ ರೂಬ್ರಿಕ್, ಶಾಲೆಯಲ್ಲಿದ್ದರೆ ಅದನ್ನೂ ಜೊತೆಗೆ ಸೇರಿಸಿ.

ಪೇಪರೇ ಇಲ್ಲ ಎನ್ನುವವರು ಸೆಪ್ಟೆಂಬರಿನ ಒಳಗೆ ಎಚ್ಚೆತ್ತರೆ ದಾರಿ ಇದೆ. ಈ ವರ್ಷದ ಆಂತರಿಕ ಅಂಕಕ್ಕೆ ಬರೆಯಬೇಕಾದ ಅಸೈನ್‌ಮೆಂಟನ್ನೇ ಮನಸ್ಸಿಟ್ಟು ಬರೆದು, ಬೇಗ ತಿದ್ದಿಕೊಡುವಂತೆ ಮೇಷ್ಟ್ರನ್ನು ಮೊದಲೇ ಕೇಳಿಕೊಳ್ಳಿ. ಅದು ತರಗತಿಯ ಕೆಲಸ, ಹಾಗಾಗಿ ಸಲ್ಲುತ್ತದೆ.

ಮಾಡಬಾರದ ಕೆಲಸ ಯಾವುದೆಂದು ಬಿಡಿಸಿ ಹೇಳಬೇಕಾಗಿ ಬಂದದ್ದೇ ಬೇಸರ. ಚಿಕ್ಕಪ್ಪನ ಕೈಲಿ ಕೆಂಪು ಪೆನ್ನಲ್ಲಿ 'ಎಕ್ಸಲೆಂಟ್' ಬರೆಸುವುದು, ಹಳೇ ತಾರೀಖು ಹಾಕಿಸುವುದು, ತಿದ್ದಿದ ಮೇಲೆ ತಪ್ಪುಗಳನ್ನು ಸರಿಪಡಿಸಿ ಹೊಸದಾಗಿ ಟೈಪ್ ಮಾಡಿ ಅದಕ್ಕೆ ಹಳೇ ಅಂಕ ಅಂಟಿಸುವುದು, ಇದೆಲ್ಲ ಸುಳ್ಳು ದಾಖಲೆ. ಅರ್ಜಿಯ ಕೊನೆಗೆ 'ಎಲ್ಲವೂ ನನ್ನದೇ, ಸತ್ಯ' ಎಂದು ಸಹಿ ಹಾಕುವವರು ನೀವು. ಸೀಟು ಸಿಕ್ಕ ಮೇಲೂ ಅದನ್ನು ಕಿತ್ತುಕೊಳ್ಳುವ ಹಕ್ಕು ಕಾಲೇಜಿಗೆ ಇದೆ.

ಹಂತ 4: ಸ್ಕ್ಯಾನ್

ಇದು ಹತ್ತು ನಿಮಿಷದ ಕೆಲಸ, ಆದರೆ ಕೆಡುವುದು ಸುಲಭ. ಕಪ್ಪು ಬಿಳುಪಿನಲ್ಲಿ ಸ್ಕ್ಯಾನ್ ಮಾಡಿದರೆ ಕೆಂಪು ಟಿಪ್ಪಣಿ ನಿಮ್ಮ ಅಕ್ಷರದ ಜೊತೆ ಕಲಸಿಹೋಗುತ್ತದೆ. ಬಣ್ಣದಲ್ಲೇ ಮಾಡಿ. ಎಲ್ಲ ಪುಟಗಳೂ ಒಂದೇ ಪಿಡಿಎಫ್‌ನಲ್ಲಿ, ನೆಟ್ಟಗೆ, ಕ್ರಮವಾಗಿ ಇರಲಿ. ಟ್ಯೂಬ್‌ಲೈಟ್ ಕೆಳಗೆ ಫೋನಿನಲ್ಲಿ ತೆಗೆದ ಫೋಟೋದಲ್ಲಿ ನಿಮ್ಮ ಕೈಯ ನೆರಳು ಬೀಳುತ್ತದೆ, ಜೆರಾಕ್ಸ್ ಅಂಗಡಿಗೆ ಹೋಗಿ. ಕೈಬರಹ ಓದಲು ಕಷ್ಟ ಅನ್ನಿಸಿದರೆ ಮೂಲದ ಹಿಂದೆ ಟೈಪ್ ಮಾಡಿದ ಪ್ರತಿಯನ್ನು ಸೇರಿಸಿ. ಮೂಲದಲ್ಲಿರುವ ತಪ್ಪು ಟೈಪಿನಲ್ಲೂ ಹಾಗೇ ಇರಲಿ. ಪ್ರಶ್ನೆ ಏನಿತ್ತು, ಯಾವ ವಿಷಯ, ಯಾವ ತರಗತಿ, ಎಷ್ಟಕ್ಕೆ ಎಷ್ಟು ಅಂಕ ಎಂದು ಮೇಲುಗಡೆ ಎರಡು ಸಾಲು ಬರೆದರೆ ಓದುವವರಿಗೆ ಉಪಕಾರ.

ಹಂತ 5: ಸಪ್ಲಿಮೆಂಟ್ ಬರೆಯುವುದು

ಹತ್ತು ಕಾಲೇಜು ಅಂದರೆ ಇಪ್ಪತ್ತೈದರ ಆಸುಪಾಸು ಪುಟ್ಟ ಪ್ರಬಂಧಗಳಾಗುತ್ತವೆ. ಪ್ರಶ್ನೆಗಳನ್ನು ಗುಂಪು ಮಾಡಿಕೊಳ್ಳಿ. 'ನಮ್ಮ ಕಾಲೇಜೇ ಯಾಕೆ' ಎಂಬುದು ಒಂದು ಗುಂಪು, 'ನಿನ್ನ ಸಮುದಾಯ, ಹಿನ್ನೆಲೆ' ಎಂಬುದು ಇನ್ನೊಂದು, 'ಬಿಡುವಿನಲ್ಲಿ ಏನು ಮಾಡ್ತೀಯ' ಮತ್ತೊಂದು. 2023ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಲೆಕ್ಕಕ್ಕೆ ಹಿಡಿಯುವುದನ್ನು ತಡೆದ ಮೇಲೆ, ನಿಮ್ಮ ಬದುಕಿನ ಅನುಭವವನ್ನು ನಿಮ್ಮ ಮಾತಲ್ಲೇ ಹೇಳಿ ಎನ್ನುವ ಪ್ರಶ್ನೆಗಳು ಹೆಚ್ಚಾದವು. ಎರಡನೇ ಮೂರನೇ ಗುಂಪಿನ ಉತ್ತರಗಳನ್ನು ಸ್ವಲ್ಪ ತಿರುವಿ ಹಾಕಿ ಬೇರೆ ಕಾಲೇಜಿಗೂ ಬಳಸಬಹುದು. ಮೊದಲನೇ ಗುಂಪಿನದನ್ನು ಎಂದಿಗೂ ಹಾಗೆ ಮಾಡಬೇಡಿ.

'ಯಾಕೆ ನಮ್ಮ ಕಾಲೇಜು' ಎಂಬುದಕ್ಕೆ ನೂರಕ್ಕೆ ತೊಂಬತ್ತು ಮಕ್ಕಳ ಮೊದಲ ಕರಡು ಹೀಗಿರುತ್ತದೆ:

"ನಿಮ್ಮ ವಿಶ್ವವಿಖ್ಯಾತ ಪ್ರಾಧ್ಯಾಪಕರು, ಅತ್ಯಾಧುನಿಕ ಪ್ರಯೋಗಾಲಯಗಳು ಮತ್ತು ವೈವಿಧ್ಯಮಯ ವಿದ್ಯಾರ್ಥಿ ಸಮೂಹ ನನ್ನನ್ನು ಆಕರ್ಷಿಸಿವೆ. ಚಿಕ್ಕಂದಿನಿಂದಲೂ ಇಲ್ಲಿ ಓದುವುದು ನನ್ನ ಕನಸು."

ಪರೀಕ್ಷೆ ಸುಲಭ. ಕಾಲೇಜಿನ ಹೆಸರು ತೆಗೆದು ಬೇರೆಯದರ ಹೆಸರು ಹಾಕಿ ಓದಿ. ಆಗಲೂ ವಾಕ್ಯ ನಿಲ್ಲುತ್ತದೆ ಅಂದರೆ ಅದನ್ನು ಹರಿದು ಹಾಕಿ. ಕೋಲಾರದ ಕಡೆಯ ಹುಡುಗಿಯೊಬ್ಬಳು ಬರೆಯುತ್ತಿದ್ದಾಳೆ ಅಂದುಕೊಳ್ಳಿ:

"ನಮ್ಮ ತೋಟದಲ್ಲಿ ಮೂರನೇ ಬೋರ್‌ವೆಲ್ 1,100 ಅಡಿಗೆ ಹೋದಾಗ ಮೇಲೆ ಬಂದದ್ದು ಬಿಳಿ ಧೂಳು ಮಾತ್ರ. ಪಕ್ಕದ ಹೊಲದಲ್ಲಿ 700 ಅಡಿಗೇ ನೀರಿತ್ತು. ಯಾಕೆ ಎಂದು ರಿಗ್ಗಿನವರನ್ನು ಕೇಳಿದೆ, ಅದೃಷ್ಟ ಎಂದರು. ಆ ಉತ್ತರ ನನಗೆ ಸಾಲಲಿಲ್ಲ."

ಇದಾದ ಮೇಲೆ ಆ ಕಾಲೇಜಿನ ಕೋರ್ಸ್ ಪಟ್ಟಿ ತೆರೆದು, ಅಂತರ್ಜಲಕ್ಕೆ ಸಂಬಂಧಪಟ್ಟ ಒಂದು ಪಾಠವನ್ನೋ ಅದನ್ನು ಅಭ್ಯಾಸ ಮಾಡುತ್ತಿರುವ ಒಂದು ಪ್ರಯೋಗಾಲಯವನ್ನೋ ಹೆಸರಿಸಿ, ಅಲ್ಲಿ ಏನು ಕೇಳಬೇಕೆಂದಿದ್ದೀರಿ ಎಂದು ಬರೆಯಿರಿ. ಯೇಲ್ ಇಂಥ ಪ್ರಶ್ನೆಗೆ ಕೊಡುವುದೇ 125 ಪದ. ಕನಸು, ಚಿಕ್ಕಂದಿನಿಂದ ಅನ್ನುವುದಕ್ಕೆಲ್ಲ ಅಲ್ಲಿ ಜಾಗ ಎಲ್ಲಿದೆ?

ಸಮುದಾಯದ ಪ್ರಶ್ನೆಗೆ ನಮ್ಮ ಮಕ್ಕಳು ಜಿಲ್ಲಾ ಗೆಜೆಟಿಯರ್ ಬರೆಯುತ್ತಾರೆ: ಭಾರತ ವೈವಿಧ್ಯದ ದೇಶ, ನಮ್ಮಲ್ಲಿ ದೀಪಾವಳಿ, ದಸರಾ ಹೀಗೆ. ಅವರು ಕೇಳಿದ್ದು ನಿಮ್ಮನ್ನು. ಓಣಿಯ ಗಣೇಶನಿಗೆ ಚಂದಾ ಎತ್ತುವ ಲೆಕ್ಕದ ಪುಸ್ತಕ ನಿಮ್ಮ ಕೈಲಿತ್ತೇ? ಯಾರು ಕೊಡಲಿಲ್ಲ, ನೀವು ಏನು ಮಾಡಿದಿರಿ? ಸಮುದಾಯ ಅಂದರೆ ಅದು.

ಕೆಲವು ಚಿಲ್ಲರೆ ವಿಷಯ, ಆದರೆ ನೋಡಿಕೊಳ್ಳಿ. ಲಕ್ಷ, ಕೋಟಿ ಅವರಿಗೆ ಅರ್ಥವಾಗದು. ಎರಡು ಲಕ್ಷವನ್ನು 200,000 ಎಂದೇ ಬರೆಯಿರಿ. 'ಪಾಸ್ಡ್ ಔಟ್ ಆಫ್ ಸ್ಕೂಲ್' ಎಂದರೆ ಅಲ್ಲಿ ಮೂರ್ಛೆ ಹೋದಂತೆ ಕೇಳಿಸುತ್ತದೆ. ಪಿಯುಸಿ ಎಂದು ಮೊದಲ ಸಲ ಬರೆದಾಗ 11, 12ನೇ ತರಗತಿ ಎಂದು ಬಿಡಿಸಿ. ಅವರ ದಿನಾಂಕದಲ್ಲಿ ತಿಂಗಳು ಮೊದಲು. 01/11 ಅಂದರೆ ಜನವರಿ 11, ನವೆಂಬರ್ 1 ಅಲ್ಲ. ಅಜ್ಜಿಯನ್ನು ಮಾತ್ರ ಅಜ್ಜಿ ಎಂದೇ ಕರೆಯಿರಿ, ಅದು ಸಂದರ್ಭದಲ್ಲೇ ಗೊತ್ತಾಗುತ್ತದೆ.

ಚಾಟ್‌ಜಿಪಿಟಿ ಬಗ್ಗೆ: ಎಐ ಬರೆದ ಮುಖ್ಯ ಭಾಗವನ್ನು ಸ್ವಂತದ್ದೆಂದು ಕೊಡುವುದು ವಂಚನೆ ಎಂದು ಕಾಮನ್ ಆಪ್ 2023ರಿಂದ ತನ್ನ ನಿಯಮದಲ್ಲೇ ಸೇರಿಸಿದೆ. ದುಡ್ಡು ತೆಗೆದುಕೊಂಡು 'ಎಸ್ಸೆ ಪ್ಯಾಕೇಜ್' ಬರೆದುಕೊಡುವವರ ಕತೆಯೂ ಅದೇ. ನಿಮ್ಮ ಗ್ರೇಡೆಡ್ ಪೇಪರಿನ ಇಂಗ್ಲಿಷ್ ಒಂದು ಥರ, ಎಸ್ಸೆಯ ಇಂಗ್ಲಿಷ್ ಇನ್ನೊಂದು ಥರ ಇದ್ದರೆ ಎರಡನ್ನೂ ಅಕ್ಕಪಕ್ಕ ಇಟ್ಟು ಓದುವವರಿಗೆ ಅದು ಕಾಣದೇ ಇರುತ್ತದೆಯೇ? ಒಬ್ಬ ಟೀಚರ್, ಒಬ್ಬ ಗೆಳತಿ ಓದಿ ಹೇಳಲಿ, ಅಷ್ಟು ಸಾಕು. ಆರು ಜನ ತಿದ್ದಿದರೆ ಅಲ್ಲಿ ನೀವೇ ಉಳಿಯುವುದಿಲ್ಲ.

ಹಂತ 6: ಕಳಿಸುವುದು

ಬೇರೆ ಕಡೆ ಬರೆದು, ಪೆಟ್ಟಿಗೆಯಲ್ಲಿ ಪೇಸ್ಟ್ ಮಾಡಿ, ಆಮೇಲೆ ಮತ್ತೊಮ್ಮೆ ಓದಿ. ಪ್ಯಾರಾ ಬಿಡುವು ಮಾಯವಾಗಿರಬಹುದು, ಕೊನೇ ಸಾಲು ತುಂಡಾಗಿರಬಹುದು. ಸಬ್‌ಮಿಟ್ ಒತ್ತುವ ಮುಂಚೆ ಕಾಮನ್ ಆಪ್ ಇಡೀ ಅರ್ಜಿಯ ಪಿಡಿಎಫ್ ತೋರಿಸುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ನಿಧಾನವಾಗಿ ನೋಡಿ. ಬ್ರೌನ್‌ಗೆ ಹೋಗುವ ಪುಟದಲ್ಲಿ ಕಾರ್ನೆಲ್ ಹೆಸರು ಉಳಿದಿರುವುದು ನೀವಂದುಕೊಂಡಷ್ಟು ಅಪರೂಪವಲ್ಲ.

ಕೆಲವು ಕಾಲೇಜುಗಳಿಗೆ ಅರ್ಜಿ ಬೇರೆ, ರೈಟಿಂಗ್ ಸಪ್ಲಿಮೆಂಟ್ ಬೇರೆ. ಎರಡಕ್ಕೂ ಪ್ರತ್ಯೇಕವಾಗಿ ಸಬ್‌ಮಿಟ್ ಒತ್ತಬೇಕು. ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಹುಡುಗನದು ಹೀಗೇ ಆಗಿ, ಅರ್ಜಿ ಹೋಯಿತೆಂದು ಮನೆಯಲ್ಲಿ ಪಾಯಸ ಮಾಡಿದ ಎರಡು ದಿನದ ಮೇಲೆ ಸಪ್ಲಿಮೆಂಟ್ ಅಲ್ಲೇ ಕೂತಿರುವುದು ಕಂಡಿತು. ಅವತ್ತು ಇನ್ನೂ ಗಡುವು ಇತ್ತು. ಎಲ್ಲದರ ಮುಂದೆಯೂ ಹಸಿರು ಟಿಕ್ ಬಂದಿದೆಯೇ ನೋಡಿ.

ಗಡುವಿನ ಗಂಟೆಯಲ್ಲೂ ಒಂದು ಮೋಸವಿದೆ. ಕಾಮನ್ ಆಪ್‌ನ ರಾತ್ರಿ 11:59 ಎಂದರೆ ನೀವಿರುವ ಊರಿನ 11:59. "ನ್ಯೂಯಾರ್ಕ್‌ನಲ್ಲಿ ಇನ್ನೂ ಮಧ್ಯಾಹ್ನ" ಎಂದು ಹುಬ್ಬಳ್ಳಿಯಲ್ಲಿ ಕೂತು ಸಮಾಧಾನಪಟ್ಟುಕೊಂಡರೆ ದಿನಾಂಕ ದಾಟಿಹೋಗುತ್ತದೆ. ಬಹುತೇಕ ಅರ್ಲಿ ಅರ್ಜಿಗಳಿಗೆ, ಅಂದರೆ ಮೊದಲ ಸುತ್ತಿನವಕ್ಕೆ, ನವೆಂಬರ್ 1. ರೆಗ್ಯುಲರ್ ಸುತ್ತಿಗೆ ಜನವರಿಯ ಮೊದಲ ದಿನಗಳು. ನಿಮ್ಮ ಪಟ್ಟಿಯಲ್ಲಿ ಅದಕ್ಕಿಂತ ಮೂರು ದಿನ ಮುಂಚಿನ ತಾರೀಖು ಬರೆದುಕೊಳ್ಳಿ. ಕರೆಂಟು, ನೆಟ್ಟು, ಕಾರ್ಡಿಗೆ ಬಾರದ ಓಟಿಪಿ, ಎಲ್ಲದಕ್ಕೂ ಆ ಮೂರು ದಿನ ಬೇಕಾಗುತ್ತದೆ.

ಹಂತ 7: ಪೋರ್ಟಲ್

ಅರ್ಜಿ ತಲುಪಿದ ಮೇಲೆ ಕಾಲೇಜು ಇಮೇಲ್ ಕಳಿಸಿ ತನ್ನದೇ ಪೋರ್ಟಲ್‌ಗೆ, ಅಂದರೆ ನಿಮ್ಮ ಅರ್ಜಿಯ ಸ್ಥಿತಿ ತೋರಿಸುವ ಪುಟಕ್ಕೆ, ಲಾಗಿನ್ ಕೊಡುತ್ತದೆ. ಆ ಇಮೇಲ್ ಎಷ್ಟೋ ಸಲ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಅಲ್ಲೊಂದು ಚೆಕ್‌ಲಿಸ್ಟ್ ಇರುತ್ತದೆ: ಮಾರ್ಕ್ಸ್ ಕಾರ್ಡ್, ಶಿಫಾರಸು ಪತ್ರ, ಗ್ರೇಡೆಡ್ ಪೇಪರ್. ಅರ್ಜಿಯ ಜೊತೆ ಪೇಪರ್ ಹಾಕಲು ಆಗದಿದ್ದವರು ಪ್ರಿನ್ಸ್‌ಟನ್‌ಗೆ ಇಲ್ಲಿಂದಲೂ ಅಪ್‌ಲೋಡ್ ಮಾಡಬಹುದು.

ಹಾಕಿದ ಮರುದಿನವೂ 'ಬಂದಿಲ್ಲ' ಎಂದೇ ತೋರಿಸುತ್ತಿದ್ದರೆ ಮತ್ತೆ ಮತ್ತೆ ಅಪ್‌ಲೋಡ್ ಮಾಡಬೇಡಿ. ಸಾವಿರಾರು ಅರ್ಜಿಗಳ ರಾಶಿಯಲ್ಲಿ ನಿಮ್ಮದಕ್ಕೆ ಟಿಕ್ ಬೀಳಲು ಕೆಲವು ದಿನ ಹಿಡಿಯುತ್ತದೆ. ಹತ್ತು ದಿನವಾದರೂ ಬದಲಾಗದಿದ್ದರೆ ಅಡ್ಮಿಷನ್ಸ್ ಕಚೇರಿಗೆ ಮೂರು ಸಾಲಿನ ಇಮೇಲ್ ಬರೆಯಿರಿ: ಹೆಸರು, ಹುಟ್ಟಿದ ದಿನಾಂಕ, ಯಾವ ದಿನ ಏನು ಅಪ್‌ಲೋಡ್ ಮಾಡಿದಿರಿ. ಹುಟ್ಟಿದ ದಿನಾಂಕದಲ್ಲಿ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ಇಮೇಲ್ ಬರೆಯಬೇಕಾದವರು ನೀವು, ಅಪ್ಪ ಅಲ್ಲ.